ಚಿಗವ್ವನ ಏರುದನಿ

ನಮ್ಮ ಗೌರಾ ಚಿಗವ್ವನಿಗೆ ಗುಟ್ಟು ಹೇಳಲು ಬರುತ್ತಲೇ ಇರಲಿಲ್ಲ. ಬನಹಟ್ಟಿಯ ಅವಳ ಮನೆಯಲ್ಲಿ ನಡುಮನೆಗೆ ಹೊಂದಿಕೊಂಡೇ ಪವರ್‌ಲೂಮ್ ಮಗ್ಗಗಳು. ಮದುವೆಯಾಗಿ ಬಂದಂದಿನಿಂದ ಆ ಸದ್ದಿನ ಮೇಲೆ ಕೂಗಿಯೇ ಮಾತಾಡಿದವಳು. ಸತ್ತವರ ಮನೆಯಲ್ಲೂ ಅವಳ ಪಿಸುಮಾತು ಬೀದಿಗೆ ಕೇಳುತ್ತಿತ್ತು.

ಅವಳ ಎದೆಯ ಕ್ಯಾನ್ಸರ್ ಗಂಟನ್ನು ಒಮ್ಮೆ ಆಪರೇಶನ್ ಮಾಡಿಸಿ ತೆಗೆಸಿದ್ದೆವು. ಇನ್ನೇನು ಆರಾಮಾದಳು ಅಂದುಕೊಳ್ಳುವಾಗಲೇ ಅದೇ ಜಾಗದಲ್ಲಿ ಮತ್ತೆ ಬಂತು. ಬೆಳಗಾವಿಯ ಡಾಕ್ಟರು, ಗಂಟು ಎದೆಗೂಡಿಗೆ ಅಂಟಿದೆ, ಈಗಲೇ ಕೊಯ್ಯಲು ಬರುವುದಿಲ್ಲ, ಮೊದಲು ರೇಡಿಯೇಶನ್ ಕೊಡೋಣ, ಕುಗ್ಗಿದರೆ ಆಪರೇಶನ್ ಎಂದರು. ನನಗೆ ಕೇಳಿಸಿದ್ದು ಆ ‘ಕುಗ್ಗಿದರೆ’. ಚಿಗವ್ವನಿಗೆ ಕೇಳಿಸಿದ್ದು ಆಪರೇಶನ್ ಮಾತ್ರ.

ದಿನಾ ರೇಡಿಯೇಶನ್, ನಮ್ಮ ಮಂದಿಯ ಬಾಯಲ್ಲಿ ‘ಕರೆಂಟ್’, ಕೊಡಿಸಲು ಅಲ್ಲೇ ಒಂದು ಬಾಡಿಗೆ ಖೋಲಿ ಹಿಡಿದು ಉಳಿದೆವು. ಹೆಂಗಸರು ಸೆರಗು ಬಾಯಿಗೆ ಹಿಡಿದು ಮಾತಾಡುವ ಆ ಆಸ್ಪತ್ರೆಯ ಸಾಲಿನಲ್ಲಿ ಇವಳು ಪಕ್ಕದವಳಿಗೆ, “ನಿಮಗ ಯಾವ ಎದಿರೀ, ಎಡಕೋ ಬಲಕೋ?” ಎಂದು ಕೇಳಿದಳು. ಗಂಡಸರೆಲ್ಲ ಮುಖ ತಿರುಗಿಸಿದರು. ಇವಳಿಗೆ ಅದರ ಖಬರೇ ಇಲ್ಲ. ನನ್ನ ಕಡೆ ತಿರುಗಿ, “ಅಲ್ಲಿ ಮಗ್ಗಕ್ಕ ಕರೆಂಟ್ ಇಲ್ಲಂತ ನಿಮ್ಮ ಕಾಕಾ ಒದರಾಡಾಕತ್ತಾರ, ಇಲ್ಲಿ ನನಗ ದಿನಾ ಕರೆಂಟ್ ನೋಡ್ ಬೇ!” ಎಂದಾಗ ಮುಖ ತಿರುಗಿಸಿದವರೂ ನಕ್ಕರು.

ರೇಡಿಯೇಶನ್ ಕೋಣೆಯೊಳಗೆ ಹೋಗುವಾಗ ಮಾತ್ರ ನನ್ನ ಕೈ ಬಿಡುತ್ತಿರಲಿಲ್ಲ. “ನನ್ನ ಮಲಗಿಸಿ ಎಲ್ಲಾರೂ ಹೊರಗ ಹೋಗಿ ಬಾಗಲಾ ಹಾಕ್ತಾರ. ಅಷ್ಟ್ ಸುಮ್ಮನಿರೂ ಜಾಗಾ ನಾ ನೋಡೇ ಇಲ್ಲ. ನೀ ಹೊರಗ ನಿಂತು ಏನರ ಮಾತಾಡ್ ಬೇ” ಎನ್ನುವಳು. ಆ ದಪ್ಪ ಬಾಗಿಲ ಹೊರಗೆ ನಿಂತು ನಾನು ಮಾತಾಡುತ್ತಿದ್ದೆ. ಅವಳಿಗೆ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಬೇರೇನು ಮಾಡಬಹುದಿತ್ತು ನಾನು?

ಎದೆಯ ಚರ್ಮ ಸುಟ್ಟು ಕಪ್ಪಾಯಿತು. ಗಂಟು ಕುಗ್ಗಲಿಲ್ಲ, ಶ್ವಾಸಕೋಶಕ್ಕೂ ಹರಡಿತ್ತು. ಇನ್ನು ಆಪರೇಶನ್ ಇಲ್ಲ, ಊರಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ನನಗೂ ಅವಳ ಗಂಡ ಕಾಕಾನಿಗೂ ಹೇಳಿದರು. ಅವಳಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. “ಸುಟ್ಟ ಗಾಯ ಒಣಗಲಿ, ಆಮ್ಯಾಲ ಮಾಡೂಣು ಅಂದಾರ” ಎಂದ ಕಾಕಾ.

ಕಡೆಯ ಸಲ ನೋಡಲು ಹೋದಾಗ, ಅವಳಿಗೆ ನಿದ್ದೆ ಹತ್ತಲೆಂದು ಮಗ್ಗ ನಿಲ್ಲಿಸಿದ್ದರು. ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಚಿಗವ್ವ ಮೆಲ್ಲಗೆ, ನಾನು ಕಂಡಂತೆ ಮೊದಲ ಸಲ ಅಷ್ಟು ಮೆಲ್ಲಗೆ, ಕೇಳಿದಳು: “ಗಾಯ ಒಣಗೈತಿ. ಆಪರೇಶನ್ ಯಾವಾಗಂತ ಬೇ?”

ಬಾಗಿಲಲ್ಲಿದ್ದ ಕಾಕಾನಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ನಾನು ಅವಳ ಹೊದಿಕೆ ಸರಿಮಾಡಿದೆ.

ನನ್ನ ಮುಖ ನೋಡಿದಳು, ಕಾಕಾನ ಮುಖ ನೋಡಿದಳು. ಆಮೇಲೆ ಕೈಯೆತ್ತಿ ಅವನಿಗೆ, “ಹೋಗ್ರಿ, ಮಗ್ಗಾ ಚಾಲೂ ಮಾಡ್ರಿ” ಎಂದಳು.