ಹುಟ್ಟದ ಬೀಜದ ಸಾಕ್ಷಿ

ಬೆಳಗಿನ ಆರು ಗಂಟೆ. ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾನೆ. ಹಸಿರು ನೆರಳು ಪರದೆಯ ಕೆಳಗೆ, ಸೊಂಟದೆತ್ತರದ ಕಬ್ಬಿಣದ ಬೆಂಚಿನ ಮುಂದೆ ನಿಂತಿರುವ ತಾರೀಕಕ್ಕ ಮಾತ್ರ ಕಣ್ಣು ಮಿಟುಕಿಸುವುದನ್ನೂ ಮರೆತಿದ್ದಾರೆ. ಕೈಯಲ್ಲಿ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ. ಸಸಿ ಟ್ರೇಯ ಮೂಲೆಗೆ ಚುಚ್ಚಿಟ್ಟಿದ್ದು. ಇಪ್ಪತ್ತನಾಲ್ಕು ದಿನದ ಹಿಂದೆ ಅದರ ಮೇಲೆ ತಳಿಯ ಹೆಸರೂ ಇತ್ತು, ಬಿತ್ತಿದ ತಾರೀಕೂ ಇತ್ತು. ಈಗ ಎರಡೂ ಇಲ್ಲ. ಉಗುರಿನಿಂದ ಕೆರೆಯುತ್ತಾರೆ, ಉಸಿರು ಊದಿ ಒರೆಸುತ್ತಾರೆ, ಬೆಳಕಿಗೆ ಹಿಡಿದು ಓರೆಗಣ್ಣಲ್ಲಿ ನೋಡುತ್ತಾರೆ. ಪಟ್ಟಿ ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗೆ ಹಲ್ಲು ಕಿರಿಯುತ್ತಿದೆ.

ಎರಡನೆಯ ಟ್ರೇಯ ಪಟ್ಟಿ ಕೀಳುತ್ತಾರೆ. ಬಿಳಿ. ಮೂರನೆಯದು, ಅದೂ ಬಿಳಿ. ನಾಲ್ಕನೆಯದನ್ನು ಕಿತ್ತು ಎರಡೂ ಬದಿ ತಿರುಗಿಸಿ ನೋಡುತ್ತಾರೆ, ಬಿಳಿಯೇ.

"ಅತ್ತೆ, ಒಂದ್ನಿಮಿಷ ಬನ್ನಿ ಇಲ್ಲಿ."

ಆ ದನಿ ಕೇಳಿಯೇ ಅತ್ತೆ ನೀರಿನ ಪೈಪು ಬಿಸಾಡಿ ಓಡಿ ಬರುತ್ತಾರೆ. "ಏನೇ, ಹಾವಾ?"

"ಹಾವಾಗಿದ್ರೆ ಕೋಲು ತಗೊಂಡು ಓಡಿಸ್ಬಹುದಿತ್ತು."

ಆ ನಡುವಿನ ಬೆಂಚಿನ ಮೇಲಿರುವುದು ಹದಿನೆಂಟು ಟ್ರೇ ಹೂಕೋಸಿನ ಸಸಿ. ಟ್ರೇಗೆ ತೊಂಬತ್ತೆಂಟು ಕುಳಿ, ಕುಳಿಗೊಂದು ಸಸಿ. ತಳಿ ಮಾತ್ರ ಎರಡು. ಒಂದು ಬೇಗಿನದು, ನೆಟ್ಟ ಅರವತ್ತು ದಿನಕ್ಕೆ ಹೂ ಕೊಟ್ಟು ಹೊಲ ಖಾಲಿ ಮಾಡುತ್ತದೆ. ಇನ್ನೊಂದು ತಡದ್ದು, ಚಳಿ ಚೆನ್ನಾಗಿ ಮೈಗೆ ಹತ್ತುವವರೆಗೆ ಹೂವಿನ ಮಾತೇ ಎತ್ತದ ಗತ್ತಿನದು. ಮಳೆ ಹೊರಟು ಚಳಿ ಬರುವ ನಡುವೆ ಸಿಗುವ ಆರೇ ಆರು ವಾರದಲ್ಲಿ ಯಾವುದನ್ನು ಎಲ್ಲಿ, ಯಾವಾಗ ನೆಡಬೇಕೆಂಬುದೇ ಸಣ್ಣ ಹಿಡುವಳಿದಾರರ ವರ್ಷದ ಪರೀಕ್ಷೆ. ಬೇಗಿನದು ಚಳಿಗೆ ಸಿಕ್ಕಿಬಿದ್ದರೆ ಅಂಗಿ ಗುಂಡಿಯಷ್ಟು ಹೂ ಕಟ್ಟಿ ಕೈತೊಳೆದುಕೊಳ್ಳುತ್ತದೆ. ತಡದ್ದನ್ನು ಬೆಚ್ಚಗಿರುವಾಗಲೇ ನೆಟ್ಟರೆ ಬರೀ ಎಲೆ, ಎಲೆಯ ಮೇಲೆ ಎಲೆ, ಅದರ ಮೇಲೂ ಎಲೆ. ಸ್ವಭಾವದಲ್ಲಿ ಇಷ್ಟು ದೂರ ಇರುವ ಇವೆರಡೂ ಸಸಿಯಾಗಿದ್ದಾಗ ಮಾತ್ರ ಪಕ್ಕಾ ಅವಳಿಗಳು. ಹೆತ್ತವಳಿಗೂ ಗುರುತು ಹತ್ತದು.

ಬರೆಸಿದಂತೆ ಬೇಗಿನದು ಹನ್ನೆರಡು ಟ್ರೇ ಇವತ್ತು ಒಂಬತ್ತು ಗಂಟೆಗೆ ನಿವೃತ್ತ ಲೆಕ್ಕದ ಮೇಷ್ಟ್ರ ಗಾಡಿ ಹತ್ತಬೇಕು. ತಡದ್ದು ಆರನ್ನು ಗುಡ್ಡದ ಮೇಲೆ ಹೊಲವಿರುವ ಹೆಣ್ಣುಮಗಳು ಮೂರು ದಿನ ಬಿಟ್ಟು ಒಯ್ಯುತ್ತಾಳೆ. ಆದರೆ ಎಲ್ಲ ಸಸಿಗೂ ಸಮನಾಗಿ ಬೆಳಕು ಸಿಗಲೆಂದು ನಾಲ್ಕು ದಿನಕ್ಕೊಮ್ಮೆ ಅತ್ತೆ ಸೊಸೆ ಸೇರಿ ಟ್ರೇಗಳನ್ನು ಆ ತುದಿಯಿಂದ ಈ ತುದಿಗೆ ಸರಿಸುತ್ತಲೇ ಬಂದಿದ್ದಾರೆ. ಯಾವುದು ಎಲ್ಲಿತ್ತು ಎಂದು ಈಗ ಬೆಂಚನ್ನೇ ಕೇಳಬೇಕು.

"ಪೆನ್ಸಿಲ್‌ನಲ್ಲಿ ಬರೀತಿದ್ಯಲ್ಲೇ ಪ್ರತಿ ವರ್ಷ?"

"ಮೇಷ್ಟ್ರು ನಕ್ಕಿದ್ರಲ್ಲ ಅತ್ತೆ." ಆ ಸಂಕಟದಲ್ಲೂ ತಾರೀಕಕ್ಕ ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿ, ಗಂಟಲು ಸರಿಮಾಡಿಕೊಂಡು ಮೇಷ್ಟ್ರೇ ಆಗಿಬಿಡುತ್ತಾರೆ. "'ಏನಮ್ಮಾ ಇದು, ಅಕ್ಷರವೋ, ಇರುವೆ ಸಾಲೋ?' ಅಂತ. ಅದಕ್ಕೇ ಈ ವರ್ಷ ದಪ್ಪ ಮಾರ್ಕರ್ ತಂದೆ. ಅಳಿಸಲ್ಲ ಅಂತ ಅದರ ಮೇಲೇ ಬರ್ದಿತ್ತು."

ಪೆನ್ಸಿಲ್ ಗೀಟು ಬಿಸಿಲಿಗೂ ನೀರಿಗೂ ಜಗ್ಗುವುದಿಲ್ಲ. ಮಾರ್ಕರ್ ಶಾಯಿಗೆ ಮಾತ್ರ ಬಿಸಿಲು ಕಂಡರೆ ತಲೆಸುತ್ತು. ಎಲೆ ಹರಡಿ ಪಟ್ಟಿಗಳನ್ನು ಮುಚ್ಚಿಕೊಂಡಿದ್ದರಿಂದ ಅದು ಯಾವಾಗ ಜಾಗ ಖಾಲಿ ಮಾಡಿತೆಂದು ಇಬ್ಬರಿಗೂ ಗೊತ್ತಾಗಿಲ್ಲ.

ಈಕೆಯ ನಿಜವಾದ ಹೆಸರು ಸುತ್ತಲಿನ ನಲವತ್ತಮೂರು ತುಂಡು ಹೊಲದವರಲ್ಲಿ ಯಾರಿಗೂ ನೆನಪಿಲ್ಲ. ಫೋನಿನಲ್ಲೂ ತಾರೀಕಕ್ಕ, ಎದುರಿಗೂ ತಾರೀಕಕ್ಕ. ಎಲ್ಲರೂ ದಿನಗಳನ್ನು ಮುಂದಕ್ಕೆ ಎಣಿಸಿದರೆ ಈಕೆ ಹಿಂದಕ್ಕೆ ಎಣಿಸುತ್ತಾರೆ. "ಅಕ್ಕಾ, ಬೀನ್ಸ್ ಬಳ್ಳಿ ಇನ್ನಿಪ್ಪತ್ತು ದಿನಕ್ಕೆ ಕೀಳ್ತೀನಿ" ಎಂದು ಒಬ್ಬ ಬಾಯಿ ತೆರೆದರೆ ಸಾಕು, ಮಣ್ಣು ಆರಲು ಐದು ದಿನ, ಎಲೆಕೋಸಿನ ಸಸಿಗೆ ಇಪ್ಪತ್ತೈದು ದಿನ, "ಹಾಗಾದ್ರೆ ಇವತ್ತೇ ಬಿತ್ತಬೇಕು, ನೀವು ಮಾತಾಡ್ತಾ ಇರಿ, ನಾನು ಬಿತ್ತಿರ್ತೀನಿ." ಹತ್ತು ಅಡಿ ಉದ್ದದ ಶೆಡ್ಡಿನ ಹಿಂಗೋಡೆಯ ತುಂಬ ಕ್ಯಾಲೆಂಡರ್ ಹಾಳೆಗಳು. ಯಾರ ಹೊಲ ಯಾವತ್ತು ಖಾಲಿ, ಯಾರ ನಾಟಿ ಯಾವತ್ತು, ಇಬ್ಬರು ನೆರೆಯವರ ಕೋಸು ಒಂದೇ ವಾರ ಸಂತೆಗೆ ಬಂದು ಜುಟ್ಟು ಹಿಡಿದುಕೊಳ್ಳದಂತೆ ಯಾರನ್ನು ಹತ್ತು ದಿನ ಹಿಂದೆ ತಳ್ಳಬೇಕು, ಎಲ್ಲ ಅಲ್ಲಿದೆ. ಈ ಆರು ವಾರದಲ್ಲಿ ಈಕೆಯ ಕೈಯಿಂದ ಹೊರಡುವುದು ಅರವತ್ತು ಸಾವಿರ ಸಸಿ. ದಿನಕ್ಕೆ ಮೂರು ಸಲ ನೀರು, ಎರಡು ಸಲ ಹುಳ ಹುಡುಕುವ ಸುತ್ತು. ಗಂಡ ನಸುಕಿನಲ್ಲೇ ಹಾಲಿನ ವ್ಯಾನು ಓಡಿಸಲು ಹೋಗುವುದರಿಂದ ಇಷ್ಟಕ್ಕೂ ನಾಲ್ಕೇ ಕೈ, ಸೊಸೆಯವೆರಡು, ಅತ್ತೆಯವೆರಡು. ಎಲ್ಲರಿಗೂ ತಾರೀಕು ಕೊಟ್ಟವರಿಗೆ ತಾರೀಫು ಮಾತ್ರ ಯಾರೂ ಕೊಟ್ಟಂತಿಲ್ಲ.

ಆರೂವರೆ. ಫೋನು ಬಡಿದುಕೊಳ್ಳುತ್ತದೆ. ನಾಟಿ ಗುಂಪಿನ ಮುಂದಾಳು. "ಅಕ್ಕಾ, ಎಂಟು ಜನ ಹೊರಟ್ವಿ. ಮೇಷ್ಟ್ರ ಮಣ್ಣು ಇವತ್ತು ಬೆಣ್ಣೆ ಇದ್ದಂಗಿದೆ. ಸಂಜೆಗೆ ಮೋಡ ಇದೆ, ತಡ ಮಾಡ್ಬೇಡಿ."

"ಇಲ್ಲ ಇಲ್ಲ" ಎಂದು ತಾರೀಕಕ್ಕ ಫೋನು ಇಡುತ್ತಾರೆ. ಮತ್ತೆ ಬಿತ್ತೋಣವೆಂದರೆ ಇಪ್ಪತ್ತೈದು ದಿನ ಬೇಕು. ಕಾದು ನೋಡೋಣವೆಂದರೆ ಮೂವತ್ತು ದಿನ ದಾಟಿದ ಸಸಿ ಟ್ರೇಯಲ್ಲೇ ಮುದಿಯಾಗುತ್ತದೆ. ಮೇಷ್ಟ್ರಿಗಿರುವುದು ಅದೊಂದೇ ತುಂಡು ಹೊಲ. ಅರವತ್ತು ದಿನಕ್ಕೆ ಹೂಕೋಸು ಎದ್ದರೆ ಅದೇ ಜಾಗದಲ್ಲಿ ಟೊಮೆಟೊ ಕೂರಬೇಕು. ತಡದ ತಳಿ ಹೊಕ್ಕರೆ ಅದು ಇನ್ನೊಂದು ತಿಂಗಳು ಅಲುಗದೆ ಕೂತು, ಟೊಮೆಟೊ ಸುಡುಬಿಸಿಲಿಗೆ ಸಿಕ್ಕಿ, ಒಂದು ಪಟ್ಟಿಯ ತಪ್ಪಿಗೆ ಎರಡು ಬೆಳೆ ಮಣ್ಣುಪಾಲು.

ಅತ್ತೆ ಎಲೆ ಹಿಸುಕಿ ಮೂಸುತ್ತಾರೆ. ಕೋಸಿನ ವಾಸನೆ. ಇನ್ನೊಂದು ಮೂಸುತ್ತಾರೆ. ಕೋಸಿನದೇ. "ಯಾವುದೋ ಒಂದು ಹನ್ನೆರಡು ಎತ್ತಿಕೊಡು. ಹಣೆಬರಹ ಇದ್ದಂಗಾಗುತ್ತೆ."

"ಆ ಮಾತು ಹಿಂದೆ ಒಬ್ಬರು ಆಡಿದ್ರು ಅತ್ತೆ."

ಅತ್ತೆ ಹಿಸುಕಿದ ಎಲೆ ಕೆಳಗೆ ಹಾಕುತ್ತಾರೆ. ಹನ್ನೊಂದು ವರ್ಷದ ಹಿಂದೆ, ಈ ಪರದೆ ಇಲ್ಲದ ಕಾಲದಲ್ಲಿ, ಈ ಮನೆಯವರೂ ಸಸಿ ಕೊಂಡು ನೆಡುತ್ತಿದ್ದರು. ಮಾರಿದವನು ಎರಡೂ ಒಂದೇ ಅಂದಿದ್ದ. ಹೂ ಕಟ್ಟುವ ಹೊತ್ತಿಗೆ ಹೊಲದ ತುಂಬ ಅಂಗಿ ಗುಂಡಿ. ಮೂರು ಸಾವಿರ ಗಿಡ, ಮೂರು ಸಾವಿರ ಗುಂಡಿ. ಕೇಳಲು ಹೋದರೆ, ಹಣೆಬರಹ ಎಂದ. ಮರುವರ್ಷ ತಾರೀಕಕ್ಕ ನಾಲ್ಕು ಟ್ರೇ ತಂದು ಅಡುಗೆಮನೆಯ ಕಿಟಕಿಯಲ್ಲಿ ತಾವೇ ಬಿತ್ತಿದರು. "ಹೊಟ್ಟೆ ಉರಿಗೆ ಶುರುವಾದ ನರ್ಸರಿ ಇದು" ಎನ್ನುತ್ತಾರೆ.

ಏಳು ಗಂಟೆ. ಟ್ರೇಯೊಂದನ್ನು ಮೇಲಿನಿಂದ ದಿಟ್ಟಿಸುತ್ತಿದ್ದ ಅತ್ತೆಯ ಬಾಯಿ ಸುಮ್ಮನಿರದು. "ನೋಡಿದ್ಯಾ, ಇದರಲ್ಲಿ ನಾಲ್ಕು ಕುಳಿ ಖಾಲಿ. ಹಲ್ಲುದುರಿದ ಬಾಯಿ ಇದ್ದಂಗೆ. ಬೇರೆ ಸಸಿ ತುಂಬಿಸು ತುಂಬಿಸು ಅಂತ ಬಡ್ಕೊಂಡೆ."

ತಾರೀಕಕ್ಕ ತಿರುಗಿ ಅತ್ತೆಯ ಮುಖ ನೋಡುತ್ತಾರೆ. ಆಮೇಲೆ ತಮ್ಮ ಬೆರಳು ನೋಡಿಕೊಳ್ಳುತ್ತಾರೆ. ಬಿತ್ತಿದ ದಿನ ಆ ಬೆರಳುಗಳು ಗುಲಾಬಿಯಾಗಿದ್ದವು, ಎರಡು ದಿನ ಸೋಪಿಗೂ ಬಗ್ಗಿರಲಿಲ್ಲ. ಔಷಧಿ ಸವರಿದ ಬೀಜ. ಬೇಗಿನ ತಳಿಯದ್ದು ಗುಲಾಬಿ ಬಣ್ಣ, ತಡದ್ದು ಹಸಿರು. ಹುಟ್ಟಿದ ಬೀಜ ಸಿಪ್ಪೆ ಕಳಚಿ ಎಲೆಯಾಯಿತು. ಹುಟ್ಟದೇ ಇದ್ದದ್ದು?

ತಲೆಯಿಂದ ಹೇರ್‌ಪಿನ್ ಹೊರಬರುತ್ತದೆ. ಖಾಲಿ ಕುಳಿಯ ತೆಂಗಿನ ನಾರುಪುಡಿಯನ್ನು ಮೆಲ್ಲಗೆ ಕೆದಕುತ್ತಾರೆ. ಮೊದಲ ಕುಳಿಯಲ್ಲಿ ಏನೂ ಇಲ್ಲ, ಕೊಳೆತು ಪುಡಿಯೊಳಗೆ ಪುಡಿಯಾಗಿದೆ. ಎರಡನೆಯದರಲ್ಲೂ ಇಲ್ಲ. ಅತ್ತೆ ಟ್ರೇಯ ಮೇಲೆ ಬಾಗುತ್ತಾರೆ. ಮೂರನೆಯ ಕುಳಿಯಿಂದ ಪಿನ್ನಿನ ತುದಿಗೆ ಸಾಸಿವೆ ಗಾತ್ರದ ಒಂದು ಕಾಳು ಅಂಟಿಕೊಂಡು ಬರುತ್ತದೆ. ಅಂಗೈಗೆ ಹಾಕಿ ಹನಿ ನೀರು ಬಿಟ್ಟರೆ, ಮಾಸಿದ್ದರೂ ಸುಳ್ಳಾಡದ ಗುಲಾಬಿ.

"ಬೇಗಿನದು!"

"ಸದ್ಯ, ನೀನು ಸೋಮಾರಿಯಾಗಿದ್ದು ಒಳ್ಳೇದಾಯ್ತು" ಎನ್ನುತ್ತಾರೆ ಅತ್ತೆ, ಎರಡನೆಯ ಟ್ರೇ ಎಳೆಯುತ್ತ.

ಅಲ್ಲಿಂದ ಮುಂದೆ ಅದೇ ಕೆಲಸ. ಪಿನ್ನು, ಕಾಳು, ಹನಿ ನೀರು. ಗುಲಾಬಿ ಬಂದರೆ ಬಲಕ್ಕೆ, ಹಸಿರು ಬಂದರೆ ಎಡಕ್ಕೆ. ಐದನೆಯ ಟ್ರೇಯ ಖಾಲಿ ಕುಳಿಗಳು ಒಂದೊಂದಾಗಿ ಕೈಕೊಟ್ಟು, ಕೊನೆಯದೊಂದರಲ್ಲಿ ಅರ್ಧ ಸಿಪ್ಪೆ ಸಿಕ್ಕಾಗ ಇಬ್ಬರ ಹಣೆಯಲ್ಲೂ ಬೆವರು. ಹೊಸ ಪಟ್ಟಿಗೆ ಪೆನ್ಸಿಲಿನಲ್ಲಿ ಬರೆದು ಚುಚ್ಚುವುದು ಅತ್ತೆಯ ಕೆಲಸ. ಎಂಟರ ಹೊತ್ತಿಗೆ ಹನ್ನೆರಡು ಟ್ರೇ ಮುಗಿದಿವೆ. ಆಗಲೇ ಹೊರಗೆ ಗಾಡಿಯ ಸದ್ದು. ಲೆಕ್ಕದ ಮೇಷ್ಟ್ರು ಒಂದು ಗಂಟೆ ಮೊದಲೇ ಹಾಜರು.

"ಹೇಳ್ಬೇಡ ಕಣೇ" ಅತ್ತೆ ಪಿಸುಗುಡುತ್ತಾರೆ. "ಗೊತ್ತಾಗ್ತಾ ಇದೆಯಲ್ಲ ಈಗ. ಯಾಕೆ ಸುಮ್ನೆ?"

ತಾರೀಕಕ್ಕ ಪಿನ್ನನ್ನು ಬೆಂಚಿನ ಮೇಲಿಡುತ್ತಾರೆ. ಆಮೇಲೆ ಬಾಗಿಲ ಕಡೆ ನಡೆಯುತ್ತಾರೆ. "ಮೇಷ್ಟ್ರೇ, ಬನ್ನಿ. ಒಂದು ತಪ್ಪಾಗಿದೆ. ನಂದೇ." ಪಟ್ಟಿಯ ಕತೆ, ಬೀಜದ ಕತೆ, ಎಲ್ಲವನ್ನೂ ಬಿಡದೆ ಹೇಳುತ್ತಾರೆ. ಮಾರ್ಕರ್ ಯಾಕೆ ಕೊಂಡರೆಂಬುದೊಂದನ್ನು ಬಿಟ್ಟು.

ಮೇಷ್ಟ್ರು ಒಳಗೆ ಬರುತ್ತಾರೆ. ಕನ್ನಡಕ ಇಳಿಸಿ, ಬೆಂಚಿನ ಪಕ್ಕ ಕೈಕಟ್ಟಿ, ಪರೀಕ್ಷಾ ಕೊಠಡಿಯಲ್ಲಿ ನಿಂತಂತೆ ನಿಲ್ಲುತ್ತಾರೆ. ಆ ಕಣ್ಣಿನ ಕೆಳಗೆ ಉಳಿದ ಟ್ರೇಗಳ ಪರೀಕ್ಷೆ. ಹದಿಮೂರು. ಹದಿನಾಲ್ಕು. ಹದಿನೇಳನೆಯದೂ ಸಾಕ್ಷಿ ಹೇಳುತ್ತದೆ. ಬಲಕ್ಕೆ ಹನ್ನೊಂದು, ಎಡಕ್ಕೆ ಆರು.

ಹದಿನೆಂಟನೆಯ ಟ್ರೇಯ ಮುಂದೆ ಪಿನ್ನು ನಿಂತುಬಿಡುತ್ತದೆ. ಇಡೀ ಬೆಂಚಿನಲ್ಲಿ ಅತಿ ಚೆಂದದ ಟ್ರೇ ಅದು. ತೊಂಬತ್ತೆಂಟು ಕುಳಿ, ತೊಂಬತ್ತೆಂಟು ಸಸಿ. ಒಂದೇ ಎತ್ತರ, ಒಂದೇ ಹಸಿರು. ಒಂದು ಕುಳಿಯೂ ಖಾಲಿ ಇಲ್ಲ. ಸಾಕ್ಷಿಯೂ ಇಲ್ಲ.

"ಇದರಲ್ಲೇನಿದೆ ಕಷ್ಟ?" ಮೇಷ್ಟ್ರಿಗೆ ಹುರುಪು ಬರುತ್ತದೆ. "ಎಷ್ಟು ಬಿತ್ತಿದ್ದೆ? ಅದರಲ್ಲಿ ಸಿಕ್ಕಿದ್ದು ಕಳಿ. ಉಳಿದಿದ್ದೇ ಉತ್ತರ."

"ಬೇಗಿನದು ಹದಿಮೂರು, ತಡದ್ದು ಏಳು ಬಿತ್ತಿದ್ದೆ. ಬುಡ ಕೊಳೆತು ಎರಡು ಟ್ರೇ ಎಸೆದೆ. ಯಾವುದು ಎಸೆದೆ ಅಂತ ಬರ್ಕೊಂಡಿಲ್ಲ ಮೇಷ್ಟ್ರೇ."

ಮೇಷ್ಟ್ರ ತುಟಿಗಳು ಅಲುಗುತ್ತವೆ. "ಅಂದ್ರೆ, ಲೆಕ್ಕಕ್ಕೆ ಸಿಗದೇ ಇರೋದು ಬೇಗಿನದೆರಡು, ತಡದ್ದೊಂದು. ಮೂರರಲ್ಲಿ ಎರಡು ಪಾಲು ಇದು ನಂದೇ! ಹಾಕು ಗಾಡಿಗೆ."

"ಇನ್ನೊಂದು ಪಾಲು?"

"ಅದನ್ನ ನಾನು ನೋಡ್ಕೋತೀನಿ."

"ನೀವು ನೋಡ್ಕೊಳ್ಳೋ ಹೊತ್ತಿಗೆ ಎರಡು ತಿಂಗಳಾಗಿರುತ್ತೆ. ಬೇಡ. ಹನ್ನೊಂದು ಒಯ್ಯಿರಿ."

"ಅಲ್ಲಮ್ಮ, ಎರಡು ಸಾಲು ಖಾಲಿ ಬಿಡ್ಲಾ? ಎಂಟು ಜನ ಬಂದು ಕೂತಿದ್ದಾರೆ. ಇದ್ದಿದ್ರಲ್ಲಿ ಚೆನ್ನಾಗಿರೋ ಟ್ರೇನೇ ನೀನು ಕೊಡಲ್ಲ ಅಂದ್ರೆ?"

"ಖಾಲಿ ಸಾಲಿಗೆ ಮೂಲಂಗಿ ಬೀಜ ಉದುರಿಸಿ. ನಲವತ್ತೈದು ದಿನಕ್ಕೆ ಎದ್ದು ಹೋಗುತ್ತೆ, ಟೊಮೆಟೊಗೆ ಅಡ್ಡ ಬರಲ್ಲ." ತಾರೀಕಕ್ಕ ಟ್ರೇಯ ಮೇಲೆ ಕೈ ಇಟ್ಟುಕೊಂಡೇ ಮಾತಾಡುತ್ತಿದ್ದಾರೆ. ಮೇಷ್ಟ್ರ ದನಿ ಏರಿದರೂ ಕೈ ಸರಿಯುವುದಿಲ್ಲ. "ನಂಗೇ ಗೊತ್ತಿಲ್ಲದ ಸಸಿ ಕೊಡಲ್ಲ ಮೇಷ್ಟ್ರೇ. ಬೈಯಿರಿ ಬೇಕಾದ್ರೆ."

ಮೇಷ್ಟ್ರು ಬೈಯುವುದಿಲ್ಲ. ಬೈದಿದ್ದರೇ ಒಳ್ಳೆಯದಿತ್ತು. ಹನ್ನೊಂದು ಟ್ರೇ ಗಾಡಿಗೇರುತ್ತವೆ. ಗಾಡಿ ಹತ್ತಿ, ಕನ್ನಡಿ ಸರಿಮಾಡಿ, ಹೊರಟೇಬಿಡುತ್ತಾರೆ. ಇಲ್ಲಿಗೆ ಬಂದವರು ಮುಂದಿನ ಬೆಳೆಗೆ ತಾರೀಕು ಕೇಳದೆ ಹೊರಟದ್ದು ಹತ್ತು ವರ್ಷದಲ್ಲಿ ಇದೇ ಮೊದಲು. ಮೇಷ್ಟ್ರ ಮಾತು ಕೇಳಿ ಸಸಿ ಬರೆಸುವ ಮನೆಗಳೇ ಹದಿನೈದಿವೆ. ಅದು ಅತ್ತೆಗೂ ಗೊತ್ತು, ಸೊಸೆಗೂ ಗೊತ್ತು. 

ಹತ್ತರ ಬಿಸಿಲಲ್ಲಿ ತಾರೀಕಕ್ಕ ಶೆಡ್ಡಿನ ಹಿಂದಿನ ಅಂಗೈಯಗಲದ ಜಾಗ ಅಗೆದು, ಆ ತೊಂಬತ್ತೆಂಟನ್ನೂ ತಾವೇ ನೆಡುತ್ತಿದ್ದಾರೆ.

"ಹೂ ಬಂದ್ಮೇಲೆ ಯಾವ ತಳಿ ಅಂತ ಗೊತ್ತಾಗುತ್ತೆ, ಸರಿ" ಎನ್ನುತ್ತಾರೆ ನೀರು ಹಿಡಿದ ಅತ್ತೆ. "ಗೊತ್ತಾದ್ಮೇಲೆ ಏನ್ಮಾಡ್ತೀಯ?"

"ಬೇಗಿನದಾದ್ರೆ ಬೇಗ ತಿನ್ನೋಣ. ತಡದ್ದಾದ್ರೆ ತಡವಾಗಿ ತಿನ್ನೋಣ."

"ತೊಂಬತ್ತೆಂಟು ಹೂಕೋಸಾ! ನಿನ್ನ ಗಂಡ ಹಾಲಿನ ವ್ಯಾನಲ್ಲೇ ಸಂಸಾರ ಹೂಡ್ತಾನೆ ಅಷ್ಟೇ."

ನಗು ಅರ್ಧಕ್ಕೆ ಬಂದು ನಿಲ್ಲುತ್ತದೆ. ಫೋನು. ಸೊಸೆಯ ಕೈ ಮಣ್ಣು, ಹಾಗಾಗಿ ಅತ್ತೆಯೇ ಅದನ್ನು ಸೊಸೆಯ ಕಿವಿಗೆ ಹಿಡಿಯುತ್ತಾರೆ. ಆ ಕಡೆ ನಾಟಿಯವರ ಗಲಾಟೆ, ಅದರ ನಡುವೆ ಮೇಷ್ಟ್ರ ಗಂಟಲು.

"ಒಂಬತ್ತು ಟ್ರೇ ನೆಟ್ಟಾಯ್ತು. ಮೂಲಂಗಿ ಬೀಜ ತರೋಕೆ ಕಳ್ಸಿದೀನಿ."

"ಆಗ್ಲಿ ಮೇಷ್ಟ್ರೇ."

ಯಾರೋ ನೀರಿಗೆ ಕೂಗುವುದು ಕೇಳಿಸುತ್ತದೆ.

"ಕೋಪದಲ್ಲಿ ಹೊರಟುಬಂದೆ, ಹೇಳೋದು ಬಿಟ್ಟೋಯ್ತು. ಟೊಮೆಟೊಗೆ ತಾರೀಕು ಹಾಕು."

"ನಮ್ಮ ಹತ್ರಾನೇನಾ?"

"ಮತ್ತೆ? ಬೇರೆ ಕಡೆ ಆಗಿದ್ರೆ ಈ ತಪ್ಪನ್ನ ನಂಗೆ ಹೊಲ ಹೇಳ್ತಿತ್ತು, ಅದೂ ಎಲ್ಲ ಕೈಮೀರಿದ ಮೇಲೆ. ನೀನು ಎಂಟು ಗಂಟೆಗೇ ಹೇಳ್ದೆ."

ತಾರೀಕಕ್ಕ ಮಣ್ಣುಗೈಯಲ್ಲೇ ಕ್ಯಾಲೆಂಡರ್ ಗೋಡೆಯ ಮುಂದೆ ಹೋಗಿ ನಿಲ್ಲುತ್ತಾರೆ, ಫೋನು ಹಿಡಿದ ಅತ್ತೆ ಹಿಂದೆಯೇ. ಇವತ್ತಿಂದ ಅರವತ್ತು ದಿನ, ಮಣ್ಣು ಹದಕ್ಕೆ ಐದು, ಅಲ್ಲಿಂದ ಹಿಂದಕ್ಕೆ ಟೊಮೆಟೊ ಸಸಿಗೆ ಮೂವತ್ತು. ಬೆರಳು ಚೌಕದಿಂದ ಚೌಕಕ್ಕೆ ಇಳಿದು ಒಂದರ ಮೇಲೆ ನಿಲ್ಲುತ್ತದೆ. "ಇವತ್ತಿಂದ ಮೂವತ್ತೈದನೇ ದಿನ ಬಿತ್ತನೆ, ಮೇಷ್ಟ್ರೇ."

ಇನ್ನೇನಾದರೂ ಆಸೆ ಇದೆಯೇ ಎಂದು ಅತ್ತೆ ಕೇಳುತ್ತಾರೆ. ಮುಂದಿನ ಬೆಂಚಿಗೆ ನೀರು ಹಾಯಿಸುತ್ತಲೇ ತಾರೀಕಕ್ಕ ಹೇಳುತ್ತಾರೆ.

"ಅರವತ್ತನೇ ದಿನ ಮೇಷ್ಟ್ರ ಹೊಲಕ್ಕೆ ನಾನೇ ಹೋಗಿ ನೋಡ್ಬೇಕು. ಯಾವತ್ತೂ ಹೋದವಳಲ್ಲ, ಪುರುಸೊತ್ತೇ ಸಿಗಲ್ಲ. ಈ ಸಲ ಹೋಗ್ತೀನಿ. ಹನ್ನೊಂದು ಟ್ರೇನೂ ನಾನು ಹೇಳಿದ್ದೇ ಆಗಿರ್ಬೇಕು. ಅಷ್ಟೇ."