ಸುಣ್ಣದ ಗೆರೆಯ ಮನೆಯಲ್ಲಿ ಅಕ್ಕ

ಅವನನ್ನು ಎಲ್ಲರೂ ಮಣ್ಣಣ್ಣ ಎಂದೇ ಕರೆಯುತ್ತಿದ್ದರು. ತಮಾಷೆಗೆ ಇಟ್ಟ ಹೆಸರು. ಅವನು ಅದನ್ನು ಬಿರುದಿನಂತೆ ಸ್ವೀಕರಿಸಿಬಿಟ್ಟದ್ದರಿಂದ ತಮಾಷೆ ಮಾಡಿದವರೇ ಸಪ್ಪಗಾದರು. ಮಣ್ಣು, ಹುಲ್ಲು, ಬಿದಿರು, ಸುಣ್ಣ, ಇವಿಷ್ಟರಲ್ಲೇ ಪುಟ್ಟ ಪುಟ್ಟ ಮನೆಗಳನ್ನು ರೂಪಿಸಿ ಕಟ್ಟುವುದು ಅವನ ಕಸುಬು. ಆ ಮನೆಗಳಿಗೆ ಕರೆಂಟು ಕಂಬದ ಹಂಗಿಲ್ಲ, ಊರ ನಲ್ಲಿಯ ಹಂಗಿಲ್ಲ. ಬೆಳಕು ಸೂರ್ಯನದು, ನೀರು ಮಳೆಯದು, ಭಾಷಣ ಮಾತ್ರ ಮಣ್ಣಣ್ಣನದು. "ಗೋಡೆ ಉಸಿರಾಡಬೇಕು ಸ್ವಾಮಿ" ಎಂದು ಅವನು ಶುರುಮಾಡಿದನೆಂದರೆ ಕೇಳುವವರು ಉಸಿರು ಬಿಗಿಹಿಡಿದು ಕೂರಬೇಕಾಗುತ್ತಿತ್ತು. ಹಾಗಿದ್ದೂ ಅವನು ಇದ್ದದ್ದು ಸಿಮೆಂಟು ಕಟ್ಟಡದ ಮೇಲಿನ ಮಹಡಿಯಲ್ಲಿ. "ನಮ್ಮನೆ ಗೋಡೆ ಯಾವಾಗ ಉಸಿರಾಡೋದು ರೀ?" ಎಂದು ಹೆಂಡತಿ ಕೇಳಿದಾಗಲೆಲ್ಲ ಅವನಿಗೆ ಯಾವುದೋ ತುರ್ತು ಕೆಲಸ ನೆನಪಾಗುತ್ತಿತ್ತು.

ಅವನದೊಂದು ಪದ್ಧತಿಯಿತ್ತು. ಕಾಗದದ ನಕ್ಷೆಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಕಟ್ಟುವ ಜಾಗದಲ್ಲೇ, ನಿಜವಾದ ಅಳತೆಯಲ್ಲಿ, ಸುಣ್ಣದ ಪುಡಿಯಿಂದ ಮನೆಯನ್ನು ನೆಲದ ಮೇಲೆ ಬರೆಯುತ್ತಿದ್ದ. ಮನೆ ಬೇಕಾದವರು ಒಂದಿಡೀ ದಿನ ಆ ಗೆರೆಗಳೊಳಗೆ ಬಾಳಿ ತೋರಿಸಬೇಕು. ಗೆರೆ ಇದ್ದಲ್ಲಿ ಗೋಡೆ ಇದೆಯೆಂದೇ ತಿಳಿದು, ಬಾಗಿಲಿನಿಂದಲೇ ಓಡಾಡಬೇಕು. ಒಬ್ಬ ನಿವೃತ್ತ ಅಧಿಕಾರಿಯಂತೂ ಇಲ್ಲದ ಬಚ್ಚಲಿನ ಇಲ್ಲದ ಬಾಗಿಲ ಮುಂದೆ ನಿಂತು, ಹೆಂಡತಿ ಒಳಗಿದ್ದಾರೆಂದು ಕೆಮ್ಮಿ ಕೆಮ್ಮಿ ಕಾದಿದ್ದರು. ಬಾಳಿದ್ದು ಹಿಡಿಸಲಿಲ್ಲವೆಂದರೆ ಸಂಜೆ ಪೊರಕೆ ತಂದು ಮನೆಯನ್ನು ಗುಡಿಸಿಬಿಟ್ಟರಾಯಿತು.

ಆ ದಿನ ಗೆರೆಯೊಳಗಿದ್ದವಳು ಅವನ ಸ್ವಂತ ಅಕ್ಕ. ಬಟ್ಟೆ ಹೊಲಿದೇ ತಮ್ಮನನ್ನು ಸಾಕಿದವಳು. ಹೊಲಿಗೆ ಮೆಷಿನ್ನಿನ ಸಮೇತ ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆದವಳು. ಈಗಿದ್ದದ್ದನ್ನೂ ಬಿಡಬೇಕಾಗಿತ್ತು. ಇನ್ನೊಂದು ಕೋಣೆ ನೋಡಿಟ್ಟಿದ್ದಳು, ಅದರ ಮಾಲೀಕನಿಗೆ ಅಂದೇ ಸಂಜೆ ಉತ್ತರ ಹೇಳಬೇಕು. ತಾನು ಕೊಂಡಿದ್ದ ಜಾಗದಲ್ಲಿ ಮಣ್ಣಣ್ಣನೇ ಅವಳಿಗೆಂದು ಗೆರೆ ಬರೆದಿದ್ದ. ಊರವರಿಗೆಲ್ಲ ಮನೆ ಕಟ್ಟಿಕೊಟ್ಟವನು ಅಕ್ಕನನ್ನು ಮತ್ತೊಂದು ಬಾಡಿಗೆ ಕೋಣೆಗೆ ಕಳಿಸುವುದೇ? ಅವಳು ಒಂದು "ಹೂಂ" ಅಂದರೆ ಸಾಕಿತ್ತು, ಮನೆ ಏಳುವವರೆಗೆ ಅವನ ಮಹಡಿಯಲ್ಲೇ ಇರಬಹುದಿತ್ತು. ಅವಳು ಮಾತ್ರ "ನೋಡೋಣ ಬಿಡೋ" ಎನ್ನುವುದನ್ನು ಬಿಟ್ಟು ಮುಂದಕ್ಕೆ ಹೋಗಿರಲಿಲ್ಲ.

ಬೆಳಗ್ಗೆ ಚೆನ್ನಾಗಿಯೇ ಇತ್ತು. ಅಕ್ಕ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದಳು. ಕಿಟಕಿ ಇರಬೇಕಾದಲ್ಲಿ ನಿಂತು ಎರಡೂ ಕೈಗಳಿಂದ ಗಾಳಿಯನ್ನು ಹೊರಕ್ಕೆ ತಳ್ಳಿದಳು, ಕಿಟಕಿ ತೆರೆಯಿತು. ಆಮೇಲೆ ಸ್ಟೂಲಿನ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚತೊಡಗಿದಳು. ಗೋಡೆಗಳ ನಡುವೆಯೇ ಚಿಟ್ಟೆಗಳು ಹಾದುಹೋದವು. ಮಲಗುವ ಕೋಣೆಯ ಮೇಲೆ ಒಂದು ಮೋಡದ ನೆರಳು ಬಂದು, ಸ್ವಲ್ಪ ಹೊತ್ತು ಮಲಗಿ, ಎದ್ದು ಹೋಯಿತು. ಗೋಡೆಯನ್ನೇ ದಾಟಿ ಒಂದು ಆಡು ಅಡುಗೆಮನೆಗೆ ನುಗ್ಗಿದಾಗ ಮಣ್ಣಣ್ಣ ಅದರ ಕಿವಿ ಹಿಡಿದು ಬಾಗಿಲಿನಿಂದ ಹೊರಗೆ ಕರೆದೊಯ್ದ. ಪದ್ಧತಿ ಎಂದರೆ ಪದ್ಧತಿ.

ಮಧ್ಯಾಹ್ನ ಅಕ್ಕ ಎದ್ದು ಬಂದು, ಕಿಟಕಿಯ ಪಕ್ಕದ ಗಾಳಿಯಲ್ಲಿ ಬೆರಳಿಟ್ಟಳು. "ಇಲ್ಲೊಂದು ಮೊಳೆ ಹೊಡ್ಕೋಬೇಕು ಕಣೋ."

ಮಣ್ಣಣ್ಣ ನಕ್ಕುಬಿಟ್ಟ. "ಮೊಳೆನಾ? ಅಕ್ಕಾ, ಇದು ಮಣ್ಣಿನ ಗೋಡೆ. ಮೊಳೆ ಹೊಡೆದ್ರೆ ಬಿರುಕು ಬಿಟ್ಟು ಉದುರುತ್ತೆ. ನನ್ನ ಮನೆಗಳಲ್ಲಿ ಯಾರಿಗೂ ಮೊಳೆ ಮುಟ್ಟೋಕೆ ಬಿಡಲ್ಲ." ಶುರುವಾದ ಬಾಯಿ ಅಲ್ಲಿಗೆ ನಿಲ್ಲಲಿಲ್ಲ. "ನೆಲಕ್ಕೆ ಬಕೆಟ್ ನೀರು ಸುರೀಬಾರ್ದು. ಮೋಡ ಇದ್ದಾಗ ಇಸ್ತ್ರಿಪೆಟ್ಟಿಗೆ ಹಾಕ್ಬಾರ್ದು, ಬಿಸಿಲಿನ ಕರೆಂಟು ಸಾಲಲ್ಲ. ಗೋಡೆಗೆ ಪೇಂಟ್ ಬಳೀಬಾರ್ದು, ಉಸಿರು ಕಟ್ಟುತ್ತೆ."

ಅಕ್ಕ ಎಲ್ಲವನ್ನೂ ಕೇಳಿದಳು. "ನೆಂಟರು ಬಂದ್ರೆ ಎಷ್ಟು ದಿನ ಇರ್ಬಹುದು ಅಂತ ಹೇಳ್ಲೇ ಇಲ್ವಲ್ಲ?"

"ಅಂದ್ರೆ?"

"ಎಲ್ಲಾ ಮಾಲೀಕ್ರೂ ಅದನ್ನೂ ಹೇಳ್ತಾರಪ್ಪ."

ಅಕ್ಕ ಸೂಜಿ ದಾರ ಎತ್ತಿಟ್ಟುಕೊಂಡಳು.

"ನನ್ನ ಆಯಸ್ಸೆಲ್ಲಾ 'ಮೊಳೆ ಹೊಡೀಬೇಡಿ' ಅಂತ ಕೇಳ್ಕೊಂಡೇ ಬದುಕಿದೀನಿ ಕಣೋ. ಈಗ ನೋಡಿಟ್ಟಿರೋ ಕೋಣೆಯವನೂ ಅದನ್ನೇ ಹೇಳಿದಾನೆ. ಅವನನ್ನಾದ್ರೆ ಒಳಗೊಳಗೇ ಬೈಕೊಂಡು ಕಾಲ ಹಾಕ್ಬಹುದು. ನಿನ್ನನ್ನ ಬೈಕೊಂಡು ಇರೋಕಾಗುತ್ತಾ?"

ಬಾಗಿಲಿನಿಂದಲೇ ಹೊರಗೆ ಹೋಗಿ, ಇಲ್ಲದ ಚಿಲಕ ಹಾಕಿ, ಚಪ್ಪಲಿ ಮೆಟ್ಟಿಕೊಂಡಳು.

ಒಳಗೆ ಮಣ್ಣಣ್ಣ ಒಬ್ಬನೇ ಉಳಿದ. ಸುತ್ತಲೂ ಅವನ ಪ್ರೀತಿಯ ಗೋಡೆಗಳು, ಒಂದೊಂದಕ್ಕೂ ಒಂದೊಂದು ನಿಯಮ. ಗೋಡೆಯ ಉಸಿರಿಗೆ ಇಷ್ಟು ಮರುಗಿದವನು ಅದರೊಳಗೆ ಬಾಳುವವರಿಗೂ ಮೂಗಿದೆಯೆಂಬುದನ್ನು ಮರೆತಿದ್ದ. ಅಕ್ಕ ಬೇಲಿಯ ಹತ್ತಿರ ತಲುಪಿದ್ದಳು. ತಟ್ಟನೆ ಏನೋ ಹೊಳೆದು, ಅವನು ದಡಬಡನೆ ಮಲಗುವ ಕೋಣೆಯ ಗೋಡೆಯ ಮೂಲಕವೇ ನೇರವಾಗಿ ಓಡಿದ.

"ಗೋಡೆ ಒಡೆದು ಬಂದ್ಯಲ್ಲೋ!" ಎಂದಳು ಅಕ್ಕ, ಸಿಟ್ಟಿನಲ್ಲೂ ಗಾಬರಿಯಾಗಿ.

"ಹಾಳಾಗ್ಲಿ ಬಿಡು. ಕೇಳಿಲ್ಲಿ. ಗೋಡೆ ಏಳೋವಾಗ್ಲೇ ಮಣ್ಣೊಳಗೆ ಮರದ ತುಂಡು ಹೂತಿಟ್ರೆ ಮೊಳೆ ಅದಕ್ಕೆ ಕೂರುತ್ತೆ, ಗೋಡೆಗೆ ಏನೂ ಆಗಲ್ಲ. ಬಾಗಿಲ ಚೌಕಟ್ಟಿಗೆ ಇಡ್ತಾನೇ ಇದ್ದೆ. ಬೇರೆ ಕಡೆ ಇಡೋಣ ಅಂತ ಯಾವತ್ತೂ ಅನ್ನಿಸ್ಲೇ ಇಲ್ಲ."

"ಎಲ್ಲಿ ಬೇಕಾದ್ರೂ ಇಡ್ತೀಯಾ?"

"ನೀನು ತೋರ್ಸಿದ ಕಡೆ."

"ಆಮೇಲೆ ಭಾಷಣ ಮಾಡಲ್ಲ?"

ಈ ಪ್ರಶ್ನೆಗೆ ಅವನು ತುಸು ಹೆಚ್ಚೇ ಯೋಚಿಸಿದ. "ಮಾಡಲ್ಲ."

ಅಕ್ಕ ಮತ್ತೆ ಚಪ್ಪಲಿ ಕಳಚಿದಳು. ಗೆರೆಯ ಉದ್ದಕ್ಕೂ ನಿಧಾನವಾಗಿ ನಡೆಯುತ್ತ ಅಲ್ಲಲ್ಲಿ ಗಾಳಿಯನ್ನು ಮುಟ್ಟಿದಳು. ಅವಳು ಮುಟ್ಟಿದಲ್ಲೆಲ್ಲ ಅವನು ಒಂದು ಬಿದಿರು ಕಡ್ಡಿ ನೆಟ್ಟು, ಅವಳ ಬೆರಳಿದ್ದ ಎತ್ತರಕ್ಕೆ ಬಟ್ಟೆಯ ಚೂರೊಂದನ್ನು ಕಟ್ಟಿದ. ಕನ್ನಡಿಗೆ ಒಂದು, ಕತ್ತರಿಗೆ ಒಂದು, ಅಳತೆ ಟೇಪಿಗೆ ಒಂದು. ಬಾಗಿಲ ಹತ್ತಿರ ಮೊಣಕಾಲಿನ ಎತ್ತರದಲ್ಲೂ ಒಂದು.

"ಇಷ್ಟು ಕೆಳಗೆ ಯಾಕೆ?"

"ಗೊತ್ತಿಲ್ಲ. ಇರ್ಲಿ ಅನ್ನಿಸ್ತು."

ಅವನು ಅಲ್ಲಿಗೂ ಒಂದು ಕಡ್ಡಿ ನೆಟ್ಟ. ಬಗ್ಗಿ ಬಟ್ಟೆ ಕಟ್ಟಿದ.

ಬಿಸಿಲು ಹಳದಿಯಾಗುವ ಹೊತ್ತಿಗೆ ಮನೆಯ ತುಂಬ ಕೆಂಪು, ನೀಲಿ, ಹೂಹೂವಿನ ಚೂರುಗಳು ಒಟ್ಟಿಗೆ ಅಲುಗುತ್ತಿದ್ದವು. ಗೋಡೆಗಳು ನಿಜಕ್ಕೂ ಉಸಿರಾಡುತ್ತಿರುವಂತೆ ಕಂಡರೂ ಮಣ್ಣಣ್ಣ ಹಾಗೆಂದು ಹೇಳಲಿಲ್ಲ, ಮಾತು ಕೊಟ್ಟಿದ್ದನಲ್ಲ. ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು. ಕೋಣೆಯ ಮಾಲೀಕ.

"ಇಲ್ಲ ಕಣ್ರೀ, ಕೋಣೆ ಬೇಡ. ಬೇರೆಯವ್ರಿಗೆ ಕೊಡಿ," ಎಂದಳು ಅಕ್ಕ, ಇಲ್ಲದ ಕಿಟಕಿಯ ಮೇಲೆ ಮೊಣಕೈ ಊರಿ, ಹೊರಗೆ ನೋಡುತ್ತ. "ಈಗ ಎಲ್ಲಿದೀನಾ? ಮನೇಲೇ ಇದೀನಿ."