ಹುಬ್ಬಿನ ಮೇಲಿನ ಗೀರು

ಕಾರವಾರದಲ್ಲಿ ಹರಿಶ್ಚಂದ್ರನ ಹತ್ತಿರ ಫೋಟೋ ತೆಗೆಸಿಕೊಂಡರೆ ಎಂಥ ಮುಖಕ್ಕೂ ಕಳೆ ಬರುತ್ತದೆ ಎಂಬ ಮಾತು ಆ ಕಾಲದಲ್ಲಿ ಅಂಕೋಲೆಯ ಆಚೆಗೂ ಹಬ್ಬಿತ್ತು. ಜನ ಅದನ್ನು ಅವನ ಕರಿಕೋಟಿನ, ಮುಂಬಯಿಯಿಂದ ಬಂದ ಕ್ಯಾಮೆರಾದ ಮಹಿಮೆ ಎಂದುಕೊಂಡಿದ್ದರು. ಹೆಸರು ಹರಿಶ್ಚಂದ್ರನೆಂದಿದ್ದರೂ ಈ ಒಂದು ವಿಷಯದಲ್ಲಿ ಸತ್ಯ ಹೇಳುವ ಗೋಜಿಗೆ ಅವನು ಹೋಗಿರಲಿಲ್ಲ. ಕಳೆ ಬರುತ್ತಿದ್ದದ್ದು ಒಳಕೋಣೆಯ ಕಿಟಕಿಯ ಬಳಿ, ಅವನ ಹೆಂಡತಿ ಚಂಪಾಳ ಕೈಯಿಂದ.

ಚಂಪಾ ಕಾಳಿ ನದಿಯ ಆಚೆಯ ಚಿತ್ತಾಕುಲದವಳು. ಮದುವೆಯಾಗಿ ದೋಣಿ ಇಳಿದು ಬಂದ ಹೊಸತರಲ್ಲಿ ಗಂಡನ ಮನೆಯ ತುಂಬ ಗಾಜಿನ ಪ್ಲೇಟುಗಳನ್ನು ಕಂಡು, ಇವರು ಬಳೆಗಾರರೋ ಏನೋ ಎಂದುಕೊಂಡಿದ್ದಳಂತೆ. ಒಂದು ಪ್ಲೇಟನ್ನು ಬೆಳಕಿಗೆ ಹಿಡಿದಾಗ ಕರಿಯ ಮುಖ, ಬಿಳಿಯ ಕೂದಲಿನ ಒಂದು ಸಂಸಾರವೇ ತನ್ನನ್ನು ನೋಡುತ್ತಿರುವುದು ಕಂಡು ಬೆಚ್ಚಿದ್ದಳು. ಹರಿಶ್ಚಂದ್ರ ನಕ್ಕು, ಪ್ಲೇಟಿನಲ್ಲಿ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ತಿರುಗುಮುರುಗಾಗಿ ಬೀಳುತ್ತದೆ, ಕಾಗದಕ್ಕೆ ಇಳಿಸಿದಾಗ ಸರಿಯಾಗುತ್ತದೆ ಎಂದು ತಿಳಿಸಿಕೊಟ್ಟ. ಆಮೇಲೆ ಕೆಲಸವನ್ನೂ ಕಲಿಸಿದ. ಸಿಡುಬಿನ ಕುಳಿ ಪ್ಲೇಟಿನಲ್ಲಿ ತೆಳು ಚುಕ್ಕೆಯಾಗಿರುತ್ತದೆ. ಅದನ್ನು ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ತುಂಬಬೇಕು. ಹೊಳೆಯುವ ಹಳೆಯ ಗಾಯ ಕಪ್ಪು ಗೆರೆಯಾಗಿರುತ್ತದೆ. ಅದನ್ನು ಸಣ್ಣ ಚಾಕುವಿನ ತುದಿಯಿಂದ ಕೆರೆದು ತೆಗೆಯಬೇಕು. ಪೆನ್ಸಿಲ್ ತಪ್ಪಿದರೆ ಒರೆಸಬಹುದು, ಚಾಕು ತಪ್ಪಿದರೆ ಮುಗಿಯಿತು. ಕೆಲವೇ ವರ್ಷಗಳಲ್ಲಿ ಆ ಕೆಲಸದಲ್ಲಿ ಅವಳು ಗಂಡನನ್ನೂ ಮೀರಿಸಿದಳು.

ಆದರೆ ತಿದ್ದುವ ಮುಂಚೆ ಆ ಮುಖಗಳ ಒಡೆಯರನ್ನು ಅವಳು ಕಂಡವಳಲ್ಲ. ಗಿರಾಕಿಗಳು ಬಂದಾಗ ಹೆಂಗಸರು ಹೊರಗೆ ಸುಳಿಯುವ ರೂಢಿ ಆ ಮನೆಯಲ್ಲಿರಲಿಲ್ಲ. ಅರಿಶಿನ ಕುಂಕುಮಕ್ಕೆಂದು ಯಾರದೋ ಮನೆಗೆ ಹೋದಾಗ ಗೋಡೆಯ ಮೇಲೆ ತನ್ನ ಕೆಲಸ ಕಾಣಿಸುತ್ತಿತ್ತು. ಫೋಟೋದ ಕೆಳಗೆ ಕೂತ ಯಜಮಾನಿಯ ಕೆನ್ನೆಯಲ್ಲಿ ಕುಳಿ ಇದ್ದರೆ, ಫೋಟೋದಲ್ಲಿ ಅದು ಬೆಣ್ಣೆ ಸವರಿದಷ್ಟು ನುಣುಪು. "ನಿನ್ನ ಗಂಡನ ಕೈಗುಣ ದೊಡ್ಡದು ಮಾರಾಯ್ತಿ" ಎನ್ನುತ್ತಿದ್ದರು. ಚಂಪಾ ತಲೆ ತಗ್ಗಿಸಿ ನಗುತ್ತಿದ್ದಳು. ಒಳಗೊಳಗೆ ಉಬ್ಬುತ್ತಿದ್ದಳು ಕೂಡ, ಅದರಲ್ಲೇನು ತಪ್ಪು?

ಅಂಕೋಲೆಯ ಕಡೆ ಬ್ರಿಟಿಷ್ ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ರೈತರು ಹಟ ಹಿಡಿದ ವರ್ಷ ಹರಿಶ್ಚಂದ್ರ ಕ್ಯಾಮೆರಾ ಹೊತ್ತು ಅತ್ತ ಹೋಗಿಬಂದ. ಗಂಡಸರು ಇಂದೋ ನಾಳೆಯೋ ಜೈಲಿಗೆ ಹೋಗುವವರು. ಫೋಟೋ ತೆಗೆಸಿದರೆ ಆಯುಷ್ಯ ಕಮ್ಮಿಯಾಗುತ್ತದೆ ಎಂದು ಓಡುತ್ತಿದ್ದ ಜನರೇ ಆಗ ಮನೆಮಂದಿಯನ್ನೆಲ್ಲ ಕರೆತಂದು, ಮರಕ್ಕೆ ಕಟ್ಟಿದ ಬಿಳಿ ಪಂಚೆಯ ಮುಂದೆ ಉಸಿರು ಬಿಗಿಹಿಡಿದು ನಿಂತರು. ಭಾವಿಕೇರಿಯ ಗಂಗಿಯೂ ನಿಂತಳು, ಮಗ ಬೀರು, ಸೊಸೆ, ಸೊಸೆಯ ತೋಳಿನಲ್ಲಿ ಮೊಲೆ ಕುಡಿಯುವ ಕೂಸಿನ ಸಮೇತ. ಪ್ಲೇಟುಗಳು ಕಾರವಾರಕ್ಕೆ ಬಂದವು. ಬೀರುವಿನ ಹುಬ್ಬಿನಿಂದ ಹಣೆಗೆ ಏರಿದ್ದ ಒಂದು ಕಪ್ಪು ಗೆರೆಯನ್ನು ಚಂಪಾ ಎಂದಿನಂತೆ ಕೆರೆದು ತೆಗೆದಳು. ಅದಕ್ಕಾಗಿ ಅವಳು ಎರಡನೇ ಸಲ ಯೋಚಿಸಲೂ ಇಲ್ಲ.

ಫೋಟೋ ಭಾವಿಕೇರಿ ತಲುಪುವ ಹೊತ್ತಿಗೆ ಬೀರು ಜೈಲಿನಲ್ಲಿದ್ದ. ಮಗ ಬದುಕಿರುವಾಗ ಅವನ ಫೋಟೋವನ್ನು ಯಾವ ತಾಯಿ ದಿಟ್ಟಿಸಿ ನೋಡುತ್ತಾಳೆ? ಗಂಗಿ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಮಳೆಗಾಲ ಮುಗಿಯುತ್ತಿರುವಾಗ ಜೈಲಿನಿಂದ ಸುದ್ದಿ ಬಂತು, ಬೀರು ಜ್ವರದಲ್ಲಿ ತೀರಿಕೊಂಡನೆಂದು. ಹೆಣ ಊರಿಗೆ ಬರಲಿಲ್ಲ. ಮುಖ ನೋಡದೆಯೇ ಗಂಗಿ ಮಗನ ತಿಥಿಕರ್ಮ ಮುಗಿಸಿದಳು. ಆಮೇಲೆ ಪೆಟ್ಟಿಗೆ ತೆರೆದು ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದಳು.

ಮರುದಿನ ಬೆಳಗಿನ ಮೋಟಾರು ಹತ್ತಿ ಅವಳು ಕಾರವಾರಕ್ಕೆ ಬಂದಳು.

"ಇಂವ ನನ್ ಬೀರು ಅಲ್ಲ," ಎಂದು ಹರಿಶ್ಚಂದ್ರನ ಮುಂದೆ ಫೋಟೋ ಇಟ್ಟಳು. "ಯಾರ್ದೋ ಮಗನ ಮೋರೆ ತಂದ್ ಹಚ್ಚೀರಿ."

"ಅವನೇ ಗಂಗಕ್ಕಾ. ನಿನ್ನ ಬಗಲಲ್ಲೇ ನಿಂತಿದ್ದಾನೆ ನೋಡು."

"ನಿಂತದ್ ಅಂವ್ನೇ. ಮೋರೆ ಅಂವಂದಲ್ಲ. ಹುಬ್ಬಿನ್ ಮೇಲೆ ಗೀರ್ ಎಲ್ಲಿ?"

ಹರಿಶ್ಚಂದ್ರ ಫೋಟೋವನ್ನು ತನ್ನತ್ತ ಎಳೆದುಕೊಂಡ. "ಅವತ್ತು ಮೋಡ ಇತ್ತಲ್ಲ, ಬೆಳಕು ಸಾಲ್ಲಿಲ್ಲ. ಸಣ್ಣಪುಟ್ಟದ್ದೆಲ್ಲ ಪ್ಲೇಟಿಗೆ ಬೀಳೂದಿಲ್ಲ."

"ನನ್ ಕೊರಳ ಮಣಿ ಬಿದ್ದದೆ. ಸೊಸೆ ಸೀರೆ ಅಂಚ್ ಬಿದ್ದದೆ. ಗೀರ್ ಒಂದೇ ಬೀಳ್ಲಿಲ್ವಾ?" ಗಂಗಿಯ ದನಿ ಒಡೆಯಿತು. "ಮನೇಲಿ ಮಗಿ ಅದೆ. ಅಪ್ಪನ್ ಮೋರೆ ಅದಕ್ಕೆ ನೆಂಪಿಲ್ಲ. ನಾಳೆ ಕೇಳಿರೆ ಇದ್ನೇ ತೋರ್ಸಬೇಕು. ಸುಳ್ ಮೋರೆ ತೋರ್ಸಿ, ಇಂವ ನಿನ್ ಅಪ್ಪ ಅಂತ ಹೆಂಗ್ ಹೇಳ್ಲಿ?"

ಒಳಕೋಣೆಯಲ್ಲಿ ಚಾಕು ಹಿಡಿದು ಕೆಲಸದಲ್ಲಿದ್ದ ಚಂಪಾ ಎಲ್ಲವನ್ನೂ ಕೇಳಿಸಿಕೊಂಡಳು. ಕಪಾಟಿನಿಂದ ಆ ಪ್ಲೇಟನ್ನು ಹುಡುಕಿ ತೆಗೆದು ಕಿಟಕಿಗೆ ಓರೆಯಾಗಿ ಹಿಡಿದಳು. ಕೆರೆದ ಜಾಗ ಬರಿಗಣ್ಣಿಗೆ ಕಾಣದಷ್ಟು ಸಪಾಟಾಗಿತ್ತು. ಎಷ್ಟು ಚೆಂದ ಕೆರೆದಿದ್ದೇನೆ ಎಂದು ಆಗಲೂ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣವೇ ಆ ಗೆರೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವಳ ಕಣ್ಣು ಅದನ್ನು ನೋಡಿದ್ದೇ ತೆಗೆದುಹಾಕುವುದಕ್ಕಾಗಿ.

ಹೊರಗೆ ಗಂಡ ಇನ್ನೂ ಮೋಡದ ಮಾತೇ ಆಡುತ್ತಿದ್ದ. ಸುಮ್ಮನೆ ಕೂತಿದ್ದರೆ ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಎದ್ದು ಹೋದರೆ, ಇಷ್ಟು ವರ್ಷ ಹೆಸರು ಮಾಡಿದ ಕಳೆಯೆಲ್ಲ ಕೆರೆತದಿಂದ ಬಂದದ್ದು ಎಂದು ಊರಿಗೆ ಗೊತ್ತಾಗುತ್ತದೆ, ಗಂಡ ಸುಳ್ಳುಗಾರನಾಗುತ್ತಾನೆ. ಚಂಪಾ ಸೆರಗು ಹೊದ್ದು, ಚಾಕು ಕೈಯಲ್ಲಿರುವಂತೆಯೇ ಪರದೆ ಸರಿಸಿ ಹೊರಗೆ ಬಂದಳು.

"ಗೀರು ಇತ್ತು. ನಾನೇ ಕೆರೆದು ತೆಗೆದೆ."

ಹರಿಶ್ಚಂದ್ರ ಕಣ್ಣಲ್ಲೇ ಗದರಿಸಿದ. ಗಂಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಎಂತಕೆ?"

"ಚೆಂದ ಕಾಣಲಿ ಅಂತ."

ಗಂಗಿ ಕೂಗಾಡುತ್ತಾಳೆ ಎಂದು ಚಂಪಾ ಎಣಿಸಿದ್ದಳು. ಗಂಗಿ ಕೂಗಾಡಲಿಲ್ಲ, ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ಬಾಯೀ, ಅದ್ನ ಹಾಕಿದ್ದು ನಾನು. ಗದ್ದೆ ಕುಯ್ಯುವಾಗ ಹಿಂದಿಂದ ಓಡ್ ಬಂದ. ಸಣ್ಣಂವ. ನಾ ತಿರ್ಗಿದ್ದೆ, ಕತ್ತಿ ತುದಿ ತಾಗ್ತು. ಮೋರೆ ತುಂಬ ರಕ್ತ. ಊದಿ ಊದಿ ಅಳು ನಿಲ್ಸಿದ್ದೆ. ದೊಡ್ಡಾದ್ ಮೇಲೆ ನಾ ಬೈದ್ರೆ ಹುಬ್ಬು ತೋರ್ಸಿ ನಗ್ತಿದ್ದ. ಬೈಬೇಡ ಅವ್ವಿ, ನೀ ಕೊಟ್ಟದ್ದು ಇನ್ನೂ ಅದೆ ಅಂತಿದ್ದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಅದೂ ಇಲ್ಲಾಯ್ತು."

ಚಂಪಾಳ ಕಣ್ಣು ತುಂಬಿ ಬಂತು. ಪ್ಲೇಟಿನಲ್ಲಿ ಕೆರೆದದ್ದು ಮರಳಿ ಬರುವುದಿಲ್ಲ, ಅದು ಅವಳಿಗೆ ಗೊತ್ತು. ಆದರೆ ಫೋಟೋದ ಕಾಗದದ ಮೇಲೆ ಹದವಾಗಿ ಕೆರೆದರೆ ಕೆಳಗಿನ ಬಿಳುಪು ಏಳುತ್ತದೆ; ಹಳೆಯ ಗಾಯದ ಹಾಗೆಯೇ ಕಾಣುತ್ತದೆ. ಅದನ್ನು ಗಂಗಿಗೆ ಹೇಳಿದಳು. ಹರಿಶ್ಚಂದ್ರ ಮೇಜನ್ನು ಬೆಳಕಿನತ್ತ ಎಳೆದುಕೊಟ್ಟ.

"ಎಲ್ಲಿತ್ತು ಗಂಗಕ್ಕಾ? ತೋರಿಸಿ."

ಗಂಗಿ ಫೋಟೋದ ಮೇಲೆ ಬೆರಳಿಟ್ಟಳು. ಗದ್ದೆ ಕೆಲಸದ ಬೆರಳು. ಮಗನ ಇಡೀ ಮುಖ ಅದರಡಿ ಮುಚ್ಚಿಹೋಯಿತು. ತೆಗೆದು ಮತ್ತೆ ಇಟ್ಟಳು, ಮತ್ತೆ ಮುಚ್ಚಿತು. ಆಗ ಅವಳು ಚಂಪಾಳ ಮುಖವನ್ನು ನೋಡಿ, ಮುಟ್ಟಬಹುದೋ ಬಾರದೋ ಎಂದು ಒಂದು ಗಳಿಗೆ ತಡೆದಳು. ಚಂಪಾ ತಾನೇ ಮುಂದೆ ಬಾಗಿದಳು. ಗಂಗಿ ಒಂದು ಕೈಯಿಂದ ಅವಳ ಗಲ್ಲ ಹಿಡಿದು, ಇನ್ನೊಂದು ಕೈಯ ಉಗುರಿನಿಂದ ಎಡಹುಬ್ಬಿನ ನಡುವಿನಿಂದ ಹಣೆಗೆ ಓರೆಯಾಗಿ ಒಂದು ಗೆರೆ ಎಳೆದಳು. ಗೆರೆ ಮುಗಿದ ಮೇಲೂ ಅವಳ ಕೈ ಚಂಪಾಳ ಗಲ್ಲದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

ಚಂಪಾ ಫೋಟೋದ ಮೇಲೆ ಬಾಗಿ ಚಾಕುವಿನ ತುದಿ ಆಡಿಸಿದಳು. ಹುಬ್ಬು ಸೀಳಿತು, ಬಿಳಿ ಎಳೆ ಎದ್ದಿತು. ಗಂಗಿ ಬಗ್ಗಿ ನೋಡಿದಳು.

"ಇನ್ನೊಂಚೂರು ಉದ್ದ ಇತ್ತು."

ಎಷ್ಟು ಉದ್ದ ಎಂಬುದು ಈ ತಾಯಿಗಲ್ಲದೆ ಇನ್ನಾರಿಗೆ ಗೊತ್ತು ಎಂದುಕೊಂಡ ಚಂಪಾ, ಚಾಕುವನ್ನು ಅವಳತ್ತ ಚಾಚಿದಳು. ಗಂಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು.

"ಬ್ಯಾಡ ಬಾಯೀ. ನನ್ ಕೈಗೆ ಕೊಡಬೇಡಿ."

ಚಂಪಾ ಮತ್ತೆ ಬಾಗಿ, ಗೆರೆಯ ತುದಿಗೆ ಚಾಕು ತಾಗಿಸಿದಳು. ತಾಗಿಸಿದ್ದೇ ತಡ, ಗಂಗಿ ಮೇಜಿನ ಮೇಲೆ ಬಗ್ಗಿ, ತುಟಿ ಕೂಡಿಸಿ, ಮಗನ ಹಣೆಯ ಮೇಲೆ ಮೆಲ್ಲಗೆ ಗಾಳಿ ಊದತೊಡಗಿದಳು. ಚಂಪಾ ಚಾಕು ಎತ್ತಿ ಹಿಡಿದು, ಅವಳು ಊದಿ ಮುಗಿಸುವವರೆಗೂ ಕಾದಳು.